ಅದಿಲ್ಲದಿದ್ದರೆ ಏನಾಗುತ್ತಿತ್ತು?

2023ರ ಮಳೆಗಾಲದಲ್ಲಿ ನನ್ನ ರೂಮ್‌ಮೇಟ್‌ಗೆ ಡೆಂಗೆ ಬಂದಿತ್ತು. ಬೆಂಗಳೂರಿನಲ್ಲಿ ನಾಲ್ಕು ಜನ ಬ್ಯಾಚುಲರ್‌ಗಳು ಮನೆ ಮಾಡಿಕೊಂಡಿದ್ದರೆ ಇಂಥ ಹೊತ್ತಲ್ಲಿ ಸಲಹೆಗೇನೂ ಬರ ಇರಲ್ಲ. ಮನೆ ಓನರ್ ಆಂಟಿ, ಆಫೀಸಿನ ಸೆಕ್ಯೂರಿಟಿ, ಮೆಡಿಕಲ್ ಶಾಪಿನವನು ಎಲ್ಲರದ್ದೂ ಒಂದೇ ಮಾತು: "ಪರಂಗಿ ಎಲೆ ರಸ ಕುಡಿಸಿ, ಪ್ಲೇಟ್‌ಲೆಟ್ ತಾನಾಗೇ ಏರುತ್ತೆ."

ರಾತ್ರಿ ಒಂಬತ್ತೂವರೆಗೆ ಬೈಕ್ ತಗೊಂಡು ಹೋಗಿ, ಗುರುತು ಪರಿಚಯ ಇಲ್ಲದವರ ಗೇಟು ಬಡಿದು, ಅವರ ಕಾಂಪೌಂಡಿನ ಪರಂಗಿ ಗಿಡದಿಂದ ನಾಲ್ಕು ಎಲೆ ಬೇಡಿ ತಂದು, ಮಿಕ್ಸಿಗೆ ಹಾಕಿ ಸೋಸಿ ಕುಡಿಸಿದವನು ನಾನೇ. ಅವನ ಪ್ಲೇಟ್‌ಲೆಟ್ ಕೌಂಟ್ ಮೊದಲ ದಿನ 92 ಸಾವಿರ, ಆಮೇಲೆ 58, ಆಮೇಲೆ 41 ಸಾವಿರ. ಆ ರಾತ್ರಿ ರಸ ಶುರು. ಮಾರನೇ ದಿನ 47, ಅದರ ಮಾರನೇ ದಿನ 80 ಸಾವಿರ, ಮತ್ತೆರಡು ದಿನಕ್ಕೆ ಒಂದೂಕಾಲು ಲಕ್ಷ!

ಇದಕ್ಕಿಂತ ಪುರಾವೆ ಬೇಕಾ? ಕಣ್ಣಾರೆ ಕಂಡಿದ್ದೇನೆ, ಲ್ಯಾಬ್ ರಿಪೋರ್ಟ್ ಕೈಯಲ್ಲಿದೆ. ಅವತ್ತಿನಿಂದ ನಾನು ಪರಂಗಿ ಎಲೆಯ ಪ್ರಚಾರಕನಾಗಿಬಿಟ್ಟೆ. ಆಫೀಸಿನಲ್ಲಿ ಯಾರಿಗೆ ಜ್ವರ ಬಂದರೂ ನನ್ನದೇ ಪ್ರಿಸ್ಕ್ರಿಪ್ಷನ್.

ಮರುವರ್ಷ, 2024ರಲ್ಲಿ, ರಾಜ್ಯದ ತುಂಬಾ ಡೆಂಗೆ. ಜುಲೈನಲ್ಲಿ ಊರಿನಿಂದ ಅಕ್ಕನ ಫೋನು. ಅವಳ ಮಗನಿಗೆ, ಹನ್ನೊಂದು ವರ್ಷದವನಿಗೆ, ನಾಲ್ಕು ದಿನದಿಂದ ಜ್ವರ. ರಕ್ತ ಪರೀಕ್ಷೆಯಲ್ಲಿ ಡೆಂಗೆ ಅಂತ ಬಂದಿದೆ.

"ಅಡ್ಮಿಟ್ ಮಾಡೋದಾ ಏನು ಮಾಡೋದು ಹೇಳೋ" ಅಂದಳು. ನಾನು ಓದಿದವನು, ಬೆಂಗಳೂರಿನಲ್ಲಿರೋನು, ಅದಕ್ಕೇ ನನ್ನನ್ನು ಕೇಳಿದ್ದು. "ಗಾಬರಿ ಆಗಬೇಡ ಅಕ್ಕಾ, ಹಿತ್ತಲಲ್ಲಿ ಪರಂಗಿ ಗಿಡ ಇದೆಯಲ್ಲ. ಎಲೆ ರಸ ದಿನಕ್ಕೆ ಎರಡು ಸಲ ಕೊಡು. ನಾನು ನೋಡಿದ್ದೀನಿ, ಗ್ಯಾರಂಟಿ ಏರುತ್ತೆ" ಅಂದೆ.

ಮಾರನೇ ದಿನ ಜ್ವರ ಬಿಟ್ಟಿತು. ಅಕ್ಕ ಖುಷಿಯಿಂದ ಫೋನ್ ಮಾಡಿದಳು. ನಾನೂ ಬೀಗಿದೆ. ಆ ದಿನ ಸಂಜೆ ಹುಡುಗ ಹೊಟ್ಟೆನೋವು ಅಂದ, ಎರಡು ಮೂರು ಸಲ ವಾಂತಿ ಮಾಡಿದ, ಮಂಕಾಗಿ ಮಲಗಿಬಿಟ್ಟ. ರಸದ ಕಹಿಗೆ ಹೀಗಾಗಿರಬೇಕು ಅಂದುಕೊಂಡು ರಾತ್ರಿ ಕಳೆದರು. ಬೆಳಗ್ಗೆ ಮುಟ್ಟಿ ನೋಡಿದರೆ ಕೈಕಾಲು ತಣ್ಣಗೆ. ಬಾಡಿಗೆ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಿ.ಪಿ. ಇಳಿದಿತ್ತು. ಮೂರು ದಿನ ಐಸಿಯು. ಉಳಿದ. ಈಗ ಚೆನ್ನಾಗಿದ್ದಾನೆ, ಕ್ರಿಕೆಟ್ ಆಡ್ತಾನೆ, ಅಮ್ಮನ ಹತ್ತಿರ ಬೈಸಿಕೊಳ್ತಾನೆ.

ಐಸಿಯು ಹೊರಗೆ ನಾನು ಅಲ್ಲಿನ ಮಕ್ಕಳ ಡಾಕ್ಟರಿಗೆ ನನ್ನ ರೂಮ್‌ಮೇಟ್ ಕಥೆ ಹೇಳಿದೆ, ಒಂಥರಾ ಸಮರ್ಥನೆಗೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು ಅಷ್ಟೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಸರಿ, ನೀವು ಕೊಟ್ಟಿರಿ, ಏರಿತು. ಕೊಡದೇ ಇದ್ದಿದ್ದರೆ ಏನಾಗ್ತಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಹೇಳಿದರು. ಡೆಂಗೆಯಲ್ಲಿ ಪ್ಲೇಟ್‌ಲೆಟ್ ಕೆಲವು ದಿನ ಇಳಿದು, ತಳ ಮುಟ್ಟಿ, ಕಾಯಿಲೆ ಇಳಿಮುಖವಾದಾಗ ತಾನೇ ಏರುತ್ತದೆ. ಹೆಚ್ಚಿನವರಿಗೆ ಆಗುವುದೇ ಹೀಗೆ. ಕೌಂಟ್ ತೀರಾ ಇಳಿದಾಗ ನಮಗೆ ಭಯವಾಗುತ್ತದೆ, ಆಗ ಏನಾದರೂ ಕೊಡುತ್ತೇವೆ. ತಳ ಮುಟ್ಟಿದ ಮೇಲೆ ಇರುವುದು ಏರುವ ದಾರಿ ತಾನೇ? ಆ ರಾತ್ರಿ ಪರಂಗಿ ರಸದ ಬದಲು ಕಬ್ಬಿನ ಹಾಲು ಕುಡಿಸಿದ್ದರೆ ನಾನು ಕಬ್ಬಿನ ಹಾಲಿನ ಪ್ರಚಾರಕನಾಗಿರುತ್ತಿದ್ದೆ.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಇದು ನನಗೆ ಗೊತ್ತಿರಬೇಕಾದ ವಿಷಯ. ನಮ್ಮ ಆಫೀಸಿನಲ್ಲಿ ಆ್ಯಪ್‌ನ ಒಂದು ಬಟನ್ನಿನ ಬಣ್ಣ ಬದಲಾಯಿಸಬೇಕಾದರೂ ಎ/ಬಿ ಟೆಸ್ಟ್ ಮಾಡುತ್ತೇವೆ. ಅರ್ಧ ಜನರಿಗೆ ಹಳೇ ಬಟನ್, ಅರ್ಧ ಜನರಿಗೆ ಹೊಸದು. ಯಾರಿಗೆ ಯಾವುದು ಅಂತ ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಹಬ್ಬದ ವಾರ ಸೇಲ್ಸ್ ಏರಿದರೆ ಅದು ಬಟನ್ನಿಂದಲ್ಲ, ಹಬ್ಬದಿಂದ ಅಂತ ನಮಗೆ ಗೊತ್ತು. ಬಟನ್ನಿಗೆ ಇಷ್ಟು ಎಚ್ಚರ, ಅಕ್ಕನ ಮಗನಿಗೆ ಇಲ್ಲ!

ಯಾಕೆ ಹೀಗೆ ಅಂತ ಆಮೇಲೆ ಬಹಳ ಯೋಚನೆ ಮಾಡಿದೆ. ನನಗನ್ನಿಸಿದ ಒಂದು ಕಾರಣ, ನಾವು ಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿತ ರೀತಿ.

ನಿಮಗೆ ಮೂರು ಕಾಳಿನ ಪ್ರಯೋಗ ನೆನಪಿದೆಯಾ? ಒಂದು ಪಟ್ಟಿಗೆ ಮೂರು ಕಾಳು ಕಟ್ಟಿ ನೀರಿನ ಲೋಟದಲ್ಲಿ ನಿಲ್ಲಿಸುವುದು. ಮೇಲಿನ ಕಾಳಿಗೆ ಗಾಳಿ ಇದೆ, ನೀರಿಲ್ಲ. ಕೆಳಗಿನದು ಪೂರ್ತಿ ಮುಳುಗಿದೆ, ನೀರಿದೆ, ಗಾಳಿ ಸಾಲದು. ನಡುವಿನದಕ್ಕೆ ಎರಡೂ ಇದೆ, ಅದು ಮೊಳಕೆ ಒಡೆದು ಬೆಳೆಯುತ್ತದೆ. ಎಂಥ ಚೆಂದದ ಪ್ರಯೋಗ! 'ನೀರು ಇಲ್ಲದಿದ್ದರೆ ಏನಾಗುತ್ತಿತ್ತು, ಗಾಳಿ ಇಲ್ಲದಿದ್ದರೆ ಏನಾಗುತ್ತಿತ್ತು' ಅನ್ನೋ ಎರಡು ಪ್ರಶ್ನೆಗೂ ಒಂದೇ ಲೋಟದಲ್ಲಿ ಉತ್ತರ.

ಆದರೆ ನಾವು ಮಾಡಿದ್ದೇನು? ಸೀನಿಯರ್ ರೆಕಾರ್ಡ್ ಬುಕ್ ನೋಡಿ ಚಿತ್ರ ಬಿಡಿಸಿದ್ದು. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ಫಲಿತಾಂಶ. ಕಾಳು ನೆನೆಯುವ ಮೊದಲೇ ಫಲಿತಾಂಶ ಬರೆದಾಗಿತ್ತು. ನಮ್ಮ ಬ್ಯಾಚಿನಲ್ಲಿ ಒಬ್ಬನ ನಡುವಿನ ಕಾಳು ಮೊಳಕೆ ಬರಲೇ ಇಲ್ಲ. ಮೇಷ್ಟ್ರು "ಬಂತು ಅಂತ ಬರಿ" ಅಂದರು. ಯಾಕೆ ಬರಲಿಲ್ಲ? ಕಾಳೇ ಹುಳುಕಾಗಿತ್ತಾ? ಒಂದೊಂದು ಕಡೆ ಒಂದೇ ಕಾಳಿಟ್ಟರೆ ಕಾಳಿನ ದೋಷವೋ ಗಾಳಿ ನೀರಿನ ದೋಷವೋ ಹೇಗೆ ಗೊತ್ತಾಗಬೇಕು? ಹತ್ತು ಹತ್ತು ಕಾಳು ಇಡಬೇಕಲ್ಲವಾ? ಈ ಪ್ರಶ್ನೆಗಳು ಬಂದಿದ್ದರೆ ಅವತ್ತೇ ನಾವು ವಿಜ್ಞಾನ ಕಲಿಯುತ್ತಿದ್ದೆವು. ನಾವು ಕಲಿತದ್ದು, ಪ್ರಯೋಗ ಅಂದರೆ ಗೊತ್ತಿರುವ ಉತ್ತರವನ್ನು ನೀಟಾಗಿ ಬರೆಯುವುದು ಅಂತ.

ಪ್ರಯೋಗದ ಜೀವ ಇರುವುದು ಹೋಲಿಕೆಯಲ್ಲಿ. ಇಟಲಿಯ ಫ್ರಾನ್ಸೆಸ್ಕೊ ರೆಡಿ ಅನ್ನೋ ವೈದ್ಯನ ಕಥೆ ಕೇಳಿ. ಕೊಳೆತ ಮಾಂಸದಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಅಂತ ಆ ಕಾಲದ ಪಂಡಿತರೂ ನಂಬಿದ್ದರು. ಎಲ್ಲರೂ 'ಕಣ್ಣಾರೆ ಕಂಡಿದ್ದರು' ಕೂಡ. ರೆಡಿ ಒಂದಿಷ್ಟು ಪಾತ್ರೆಗಳಲ್ಲಿ ಮಾಂಸ ಇಟ್ಟ. ಕೆಲವನ್ನು ತೆರೆದಿಟ್ಟ, ಕೆಲವನ್ನು ಭದ್ರವಾಗಿ ಮುಚ್ಚಿದ. ತೆರೆದದ್ದರಲ್ಲಿ ಹುಳ, ಮುಚ್ಚಿದ್ದರಲ್ಲಿ ಇಲ್ಲ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮುಚ್ಚಿದಾಗ ನೊಣ ಮಾತ್ರ ಅಲ್ಲ, ಗಾಳಿಯೂ ನಿಂತಿತಲ್ಲ? ಎರಡು ಸಂಗತಿ ಒಟ್ಟಿಗೆ ಬದಲಾದವು. ಅದಕ್ಕೇ ಮತ್ತೆ ಕೆಲವು ಪಾತ್ರೆಗಳ ಬಾಯಿಗೆ ತೆಳ್ಳಗಿನ ಬಟ್ಟೆ ಕಟ್ಟಿದ. ಗಾಳಿ ಹೋಗುತ್ತದೆ, ನೊಣ ಹೋಗಲ್ಲ. ಆಗಲೂ ಮಾಂಸದಲ್ಲಿ ಹುಳ ಇಲ್ಲ. 1668ರಲ್ಲಿ ಇದನ್ನು ಪ್ರಕಟಿಸಿದ. ಒಂದು ತುಂಡು ಬಟ್ಟೆ ಅಷ್ಟೆ, ಆದರೆ ವಾದ ಮುಗಿಸಿದ್ದು ಅದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಉಳಿದದ್ದೆಲ್ಲ ಹಾಗೇ ಇರಲಿ. ನಾವು ಬಗ್ ಹುಡುಕುವಾಗ ಮಾಡುವುದೂ ಇದನ್ನೇ.

ಆದರೆ ಕೋಡಿಗೂ ಜೀವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೋಡಿನಲ್ಲಿ ಮಾಡಿದ ಬದಲಾವಣೆ ವಾಪಸ್ ತೆಗೆದು, ಬಗ್ ಮತ್ತೆ ಬರುತ್ತಾ ನೋಡಬಹುದು. ನನ್ನ ರೂಮ್‌ಮೇಟ್‌ನನ್ನು ವಾಪಸ್ 41 ಸಾವಿರಕ್ಕೆ ತಂದು, ಈ ಸಲ ರಸ ಕೊಡದೆ ನೋಡೋಣ ಅನ್ನೋಕಾಗಲ್ಲ. ಇನ್ನೊಂದು, ದೇಹ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಯಾವ ಸಾಫ್ಟ್‌ವೇರೂ ಒಂದು ವಾರ ಮಲಗಿ ಎದ್ದು ಸರಿಹೋದದ್ದು ನಾನಂತೂ ಕಂಡಿಲ್ಲ. ಮತ್ತೆ ಒಬ್ಬರ ದೇಹದಂತೆ ಇನ್ನೊಬ್ಬರದ್ದಿಲ್ಲ. ಹಾಗಾಗಿ ಒಬ್ಬರು ಸಾಲದು, ಬಹಳ ಜನ ಬೇಕು. ಅವರನ್ನು ಎರಡು ಗುಂಪು ಮಾಡಬೇಕು. ಗುಂಪು ಮಾಡುವುದು ನಮ್ಮ ಇಷ್ಟದಂತಲ್ಲ, ಚೀಟಿ ಎತ್ತಿದ ಹಾಗೆ. ಇಲ್ಲದಿದ್ದರೆ ನಮಗೇ ಗೊತ್ತಿಲ್ಲದಂತೆ ಗಟ್ಟಿಮುಟ್ಟಾದವರನ್ನೆಲ್ಲ ಔಷಧದ ಗುಂಪಿಗೆ ಹಾಕಿಬಿಡುತ್ತೇವೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗ. ಕ್ಷಯಕ್ಕೆ ಹೊಸ ಔಷಧ ಬಂದಿತ್ತು, ಆದರೆ ಎಲ್ಲರಿಗೂ ಕೊಡುವಷ್ಟು ಇರಲಿಲ್ಲ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಮುಚ್ಚಿದ ಲಕೋಟೆಗಳ ವ್ಯವಸ್ಥೆ ಮಾಡಿದ. ರೋಗಿ ಯಾವ ಗುಂಪಿಗೆ ಅನ್ನೋದು ಲಕೋಟೆ ಒಡೆಯುವವರೆಗೂ ಡಾಕ್ಟರಿಗೂ ಗೊತ್ತಿಲ್ಲ. ಒಟ್ಟು 107 ಜನ. 55 ಜನರಿಗೆ ಔಷಧ ಮತ್ತು ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಎಕ್ಸ್‌ರೇ ನೋಡಿ ತೀರ್ಪು ಕೊಟ್ಟವರಿಗೆ ಅದು ಯಾವ ಗುಂಪಿನವರದ್ದು ಅಂತ ಹೇಳಿರಲಿಲ್ಲ, ಯಾಕೆಂದರೆ ಗೊತ್ತಿದ್ದರೆ ಕಣ್ಣೂ ಪಕ್ಷಪಾತ ಮಾಡುತ್ತದೆ. ಆರು ತಿಂಗಳಲ್ಲಿ ಔಷಧದ ಗುಂಪಿನಲ್ಲಿ 4 ಜನ ತೀರಿಕೊಂಡರು, ಇನ್ನೊಂದರಲ್ಲಿ 14 ಜನ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಬರೀ ವಿಶ್ರಾಂತಿಯ ಗುಂಪಿನಲ್ಲೂ 52ರಲ್ಲಿ 4 ಜನರ ಎಕ್ಸ್‌ರೇ ಬಹಳವಾಗಿ ಸುಧಾರಿಸಿತ್ತು. ಔಷಧವೇ ಇಲ್ಲದೆ! ಆ ನಾಲ್ವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯವರಾಗಿದ್ದು, ಆಗ ಯಾವುದೋ ಬೇರಿನ ಕಷಾಯ ಕುಡಿಯುತ್ತಿದ್ದರು ಅಂದುಕೊಳ್ಳಿ. ಇಡೀ ಬೀದಿಯೇ ಆ ಕಷಾಯಕ್ಕೆ ಸಾಕ್ಷಿ ಹೇಳುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಗುಣವಾಗದ ಉಳಿದವರನ್ನು ಯಾರೂ ಎಣಿಸುತ್ತಿರಲಿಲ್ಲ, ಅಷ್ಟೇ.

"ಇದೆಲ್ಲ ಇಂಗ್ಲಿಷ್ ಡಾಕ್ಟರುಗಳ ಕಥೆ, ನಮ್ಮ ನಾಟಿ ಔಷಧವನ್ನು ಹೀಯಾಳಿಸೋಕೆ ಒಂದು ನೆಪ" ಅಂತ ನೀವು ಹೇಳಬಹುದು. ನನ್ನ ಭಾವನವರೂ ಹಾಗೇ ಅಂದರು. ಆದರೆ ಈ ಪ್ರಶ್ನೆ ಡಾಕ್ಟರುಗಳನ್ನೂ ಬಿಡಲ್ಲ. ಅದಕ್ಕೆ ಒಳ್ಳೇ ಸಾಕ್ಷಿ ನಮ್ಮ ಪಕ್ಕದ ಮದ್ರಾಸಿನಲ್ಲೇ ಇದೆ.

ಆಗೆಲ್ಲ ಕ್ಷಯ ಅಂದರೆ ಸ್ಯಾನಿಟೋರಿಯಂ. ಊರ ಹೊರಗೆ ಒಳ್ಳೇ ಗಾಳಿ, ಪೂರ್ತಿ ವಿಶ್ರಾಂತಿ, ಪುಷ್ಟಿಯಾದ ಊಟ. ಇವಿಲ್ಲದೆ ಬರೀ ಔಷಧದಿಂದ ಗುಣವಾಗಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಭಾರತದ ಲಕ್ಷಾಂತರ ರೋಗಿಗಳಿಗೆ ಅಷ್ಟೊಂದು ಹಾಸಿಗೆ ಎಲ್ಲಿಂದ ತರುವುದು? 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ಶುರುವಾಯಿತು. ನಗರದ ಬಡ ಬಡಾವಣೆಗಳ 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆಯೇ ಎರಡು ಗುಂಪು ಮಾಡಿದರು. ಇಬ್ಬರಿಗೂ ಅದೇ ಔಷಧ, ಒಂದು ವರ್ಷ. ಒಂದು ಗುಂಪು ಸ್ಯಾನಿಟೋರಿಯಂಗೆ, ಇನ್ನೊಂದು ತಮ್ಮ ಇಕ್ಕಟ್ಟಿನ ಮನೆಯಲ್ಲೇ, ಅದೇ ಕಡಿಮೆ ಊಟ, ಅದೇ ದುಡಿಮೆ.

1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ರೋಗ ಹರಡಿದ್ದೂ ಹೆಚ್ಚಾಗಿರಲಿಲ್ಲ. ಡಾಕ್ಟರುಗಳು ತಮ್ಮ ನಂಬಿಕೆಯನ್ನೇ ಪರೀಕ್ಷೆಗಿಟ್ಟು, ಅದು ತಪ್ಪು ಅಂತ ತಾವೇ ಬರೆದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿ ರೂಪುಗೊಂಡು 1962ರಲ್ಲಿ ಬಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಮನೆಯಲ್ಲಿದ್ದುಕೊಂಡೇ ಔಷಧ ತೆಗೆದುಕೊಳ್ಳುವ ದಾರಿಯ ಮೇಲೇ ನಿಂತಿತು. ಎಷ್ಟು ಬಡವರು ಕೆಲಸ, ಮನೆ ಬಿಟ್ಟು ವರ್ಷಗಟ್ಟಲೆ ದೂರ ಹೋಗುವುದು ತಪ್ಪಿತೋ!

ಇದರಲ್ಲಿ ಇನ್ನೊಂದು ಪಾಠ ಇದೆ. ಸ್ಯಾನಿಟೋರಿಯಂನಲ್ಲಿದ್ದವರ ತೂಕ ಮನೆಯಲ್ಲಿದ್ದವರಿಗಿಂತ ಜಾಸ್ತಿ ಏರಿತ್ತು. ಒಳ್ಳೇ ಊಟ, ವಿಶ್ರಾಂತಿ, ಏರದೇ ಇರುತ್ತಾ? ತೂಕ ಮಾತ್ರ ಅಳೆದಿದ್ದರೆ 'ಸ್ಯಾನಿಟೋರಿಯಂ ಗೆದ್ದಿತು' ಅಂತ ಬರೆಯಬೇಕಾಗಿತ್ತು. ಆದರೆ ಅವರು ಕಫದಲ್ಲಿ ರೋಗಾಣು ಹೋಯಿತಾ ಅಂತ ನೋಡಿದರು. ಅಳೆಯೋಕೆ ಸುಲಭವಾದದ್ದೇ ಬೇರೆ, ನಮಗೆ ಬೇಕಾದದ್ದೇ ಬೇರೆ.

ನಮ್ಮ ಪ್ಲೇಟ್‌ಲೆಟ್ ಹುಚ್ಚೂ ಇಂಥದ್ದೇ. ಪರಂಗಿ ಎಲೆಯ ಮೇಲೆ ಸಣ್ಣ ಸಣ್ಣ ಪ್ರಯೋಗಗಳು ನಡೆದಿವೆ. ಕೆಲವದರಲ್ಲಿ ಕೌಂಟ್ ಸ್ವಲ್ಪ ಬೇಗ ಏರಿದ್ದು ಕಂಡಿದೆ. ಇದ್ದರೂ ಇರಬಹುದು, ನಾನು ಅಲ್ಲಗಳೆಯಲ್ಲ. ಆದರೆ ಅದರಿಂದ ರಕ್ತಸ್ರಾವ, ಸಾವು ಕಡಿಮೆಯಾಗುತ್ತದೆ ಅಂತ ಅವು ತೋರಿಸಿಲ್ಲ. ಕೌಂಟ್ ಏರಿಸುವುದೇ ಮುಖ್ಯ ಆಗಿದ್ದರೆ ನೇರವಾಗಿ ಪ್ಲೇಟ್‌ಲೆಟ್ಟೇ ಏರಿಸಿಬಿಡಬಹುದಲ್ಲ? ಅದನ್ನೂ ಪರೀಕ್ಷೆ ಮಾಡಿದ್ದಾರೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಕೌಂಟ್ 20 ಸಾವಿರ ಅಥವಾ ಅದಕ್ಕೂ ಕೆಳಗಿದ್ದು ಹೇಳಿಕೊಳ್ಳುವಂಥ ರಕ್ತಸ್ರಾವ ಇಲ್ಲದ 372 ವಯಸ್ಕ ಡೆಂಗೆ ರೋಗಿಗಳಿದ್ದರು. ಅರ್ಧ ಜನರಿಗೆ ಪ್ಲೇಟ್‌ಲೆಟ್ ಕೊಟ್ಟರು, ಅರ್ಧ ಜನರಿಗೆ ಕೊಡಲಿಲ್ಲ. ರಕ್ತಸ್ರಾವ ಆದದ್ದು ಕೊಟ್ಟವರಲ್ಲಿ ಶೇ. 21, ಕೊಡದವರಲ್ಲಿ ಶೇ. 26. ಇಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದಾದದ್ದು. ಅಡ್ಡ ಪರಿಣಾಮ ಮಾತ್ರ ಕೊಟ್ಟವರಲ್ಲೇ ಹೆಚ್ಚು. ಇಂಥ ಸ್ಥಿತಿಯಲ್ಲಿ ಮುನ್ನೆಚ್ಚರಿಕೆಗೆ ಅಂತ ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭ ಕಾಣಲಿಲ್ಲ. ನೋಡಿ, ಎಲೆಗೆ ಕೇಳಿದ ಪ್ರಶ್ನೆಯನ್ನೇ ಆಸ್ಪತ್ರೆಯ ಬಾಟಲಿಗೂ ಕೇಳಿದ್ದಾರೆ.

ಹಳೇ ಮದ್ದೆಲ್ಲ ಸುಳ್ಳು ಅಂತಲೂ ಅಲ್ಲ. ಮಲೇರಿಯಾಕ್ಕೆ ಇವತ್ತು ಕೊಡುವ ಆರ್ಟೆಮಿಸಿನಿನ್ ಸಿಕ್ಕಿದ್ದು ಚೀನಾದ ಹಳೇ ವೈದ್ಯ ಗ್ರಂಥಗಳನ್ನು ಜಾಲಾಡಿದ ತು ಯೂಯೂ ಅವರಿಂದ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಗ್ರಂಥದಲ್ಲಿದೆ ಅಂತ ಅವರು ನಂಬಿ ಕೂರಲಿಲ್ಲ, ಗ್ರಂಥದಲ್ಲಿದೆ ಅಂತ ತಳ್ಳಿಯೂ ಹಾಕಲಿಲ್ಲ. ಪರೀಕ್ಷೆ ಮಾಡಿದರು. ಅಜ್ಜಿಯ ಮದ್ದಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

ಇಷ್ಟೆಲ್ಲ ಬರೆದ ಮೇಲೆ ನನಗೂ ಅದೇ ಪ್ರಶ್ನೆ ಹಾಕಿಕೊಳ್ಳಬೇಕು. ನಾನು ಅವತ್ತು ಹಾಗೆ ಹೇಳದಿದ್ದರೆ ಏನಾಗುತ್ತಿತ್ತು? ಪರಂಗಿ ರಸದಿಂದಲೇ ಹುಡುಗ ಐಸಿಯು ಸೇರಿದ ಅಂದರೆ ಅದೂ ನನ್ನ ಮೊದಲ ತಪ್ಪಿನ ಇನ್ನೊಂದು ಮುಖ. ಒಬ್ಬ ಹುಡುಗ, ಒಂದು ಸಲ. ರಸ ಕೊಡದಿದ್ದರೂ ಕಾಯಿಲೆ ಬಿಗಡಾಯಿಸುತ್ತಿತ್ತೋ ಏನೋ. ಆದರೆ ಒಂದು ಮಾತ್ರ ನಿಜ. ನನ್ನ 'ಗ್ಯಾರಂಟಿ' ಕೇಳದೇ ಇದ್ದಿದ್ದರೆ, ಅವನು ವಾಂತಿ ಮಾಡಿದ ಆ ಸಂಜೆಯೇ ಅಕ್ಕ ಕಾರಿಗೆ ಹೇಳುತ್ತಿದ್ದಳು. ಅವಳೇ ಹಾಗಂದಳು, ಬೈದು ಅಲ್ಲ, ಸುಮ್ಮನೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಯಾರಾದರೂ ಡೆಂಗೆ ಅಂತ ಫೋನ್ ಮಾಡಿದರೆ, ಆ ಡಾಕ್ಟರು ಹೇಳಿಕೊಟ್ಟದ್ದನ್ನಷ್ಟೇ ಹೇಳುತ್ತೇನೆ. ಡಾಕ್ಟರಿಗೆ ತೋರಿಸಿ, ಅವರು ಹೇಳಿದ ದಿನ ತಪ್ಪದೆ ಮತ್ತೆ ಹೋಗಿ. ಚೆನ್ನಾಗಿ ನೀರು, ಓಆರ್‌ಎಸ್ ಕುಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಜ್ವರ ಬಿಟ್ಟಿತು ಅಂತ ಮೈಮರೆಯಬೇಡಿ, ಅಪಾಯ ಹೆಚ್ಚಾಗಿ ಬರುವುದು ಜ್ವರ ಇಳಿದ ಮೇಲಿನ ಒಂದೆರಡು ದಿನದಲ್ಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲೋ ಮೂಗಲ್ಲೋ ರಕ್ತ, ಮಂಕು, ಕೈಕಾಲು ತಣ್ಣಗಾಗುವುದು, ಇದರಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

"ಮತ್ತೆ ಪರಂಗಿ ಎಲೆ?" ಅಂತ ಕೊನೆಗೆ ಕೇಳೇ ಕೇಳುತ್ತಾರೆ. ಅದರ ಬಗ್ಗೆ ನನ್ನ ಮಾತು ನಂಬಬೇಡಿ ಅಂತೀನಿ. ನಾನು ನೋಡಿರೋದು ಒಬ್ಬನನ್ನು ಮಾತ್ರ.